ಆಬ್ಜೆಕ್ಟ್ ಹುಟ್ಟುವ ಗಳಿಗೆ

ಬಸ್ ಟಿಕೆಟ್ ಕಾಯ್ದಿರಿಸುವ ಒಂದು ಪ್ರೋಗ್ರಾಮಿನಲ್ಲಿ ಹೀಗೊಂದು ಸಾಲು ಬರುತ್ತದೆ ಎಂದುಕೊಳ್ಳೋಣ:

ಟಿ = ಟಿಕೆಟ್("ಹಾಸನ", "ಮೈಸೂರು", 2)

ಇದು ನಿಜವಾಗಿ ಓಡುವ ಸಾಲು. ಪೈಥಾನ್ ಭಾಷೆಯ ಮೂರನೆಯ ಆವೃತ್ತಿ 2008ರಲ್ಲಿ ಬಂದಂದಿನಿಂದ ಅದರಲ್ಲಿ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಟಿಕೆಟ್ ಅನ್ನುವ ಕ್ಲಾಸನ್ನು ಮೊದಲೇ ಬರೆದಿಟ್ಟಿದ್ದರೆ ಪೈಥಾನ್ ಇದನ್ನು ತಕರಾರಿಲ್ಲದೆ ಒಪ್ಪಿಕೊಳ್ಳುತ್ತದೆ.

ಟಿಕೆಟ್ ಎಂದ ಮೇಲೆ ಏನೇನು ಇರಬೇಕು, ಅದರಿಂದ ಏನೇನು ಆಗಬೇಕು ಎಂಬ ವಿವರಣೆ ಕ್ಲಾಸಿನಲ್ಲಿರುತ್ತದೆ. ಆ ವಿವರಣೆಯ ಪ್ರಕಾರ ಮೆಮೊರಿಯಲ್ಲಿ ಮೈದಳೆಯುವ ಒಂದೊಂದು ಟಿಕೆಟ್ಟೂ ಒಂದೊಂದು ಆಬ್ಜೆಕ್ಟ್. ಹತ್ತುವ ಊರು, ಇಳಿಯುವ ಊರು, ಆಸನಗಳ ಸಂಖ್ಯೆ ಇವೆಲ್ಲ ಅದರ ಪ್ರಾಪರ್ಟಿಗಳು. ಆಬ್ಜೆಕ್ಟ್ ಹುಟ್ಟುವಾಗ ಪ್ರಾಪರ್ಟಿಗಳಿಗೆ ಮೊದಲ ಬೆಲೆ ತುಂಬುವ ಕೋಡ್ ತುಣುಕಿಗೆ ಕನ್‌ಸ್ಟ್ರಕ್ಟರ್ ಎನ್ನುತ್ತಾರೆ. ಕಾಲೇಜಿನ ಪಠ್ಯಗಳಲ್ಲಿ ಇದಕ್ಕೆ ಒಂದೆರಡು ಪುಟ ಮೀಸಲು. ಮೂರು ಬೆಲೆ ಕೊಟ್ಟೆವು, ಮೂರು ಪ್ರಾಪರ್ಟಿಗಳಲ್ಲಿ ಕೂತವು, ಮುಂದಿನ ಪಾಠ.

ಆದರೆ ಈ ಒಂದು ಗಳಿಗೆಯನ್ನು ಸರಿಯಾಗಿ ನಿಭಾಯಿಸುವುದು ಹೇಗೆ ಎಂದು ಪ್ರೋಗ್ರಾಮಿಂಗ್ ಭಾಷೆಗಳನ್ನು ಕಟ್ಟುವವರು ಅರವತ್ತು ವರ್ಷಗಳಿಂದ ತಲೆ ಕೆಡಿಸಿಕೊಂಡಿದ್ದಾರೆ. ಅದಕ್ಕೆ ತಕ್ಕ ಕಾರಣವಿದೆ. ಒಂದು ಆಬ್ಜೆಕ್ಟಿನ ಬಗ್ಗೆ ಯಾವುದಾದರೂ ಮಾತು ಸದಾ ನಿಜವಾಗಿರಬೇಕು ಎಂದಿದ್ದರೆ, ಆ ಮಾತಿಗೆ ಅಡಿಪಾಯ ಹಾಕಲು ಸಿಗುವ ಜಾಗ ಅದು ಹುಟ್ಟುವ ಗಳಿಗೆ ಮಾತ್ರ. ಅಲ್ಲಿ ಬಿಟ್ಟ ಕೆಲಸವನ್ನು ಆಮೇಲೆ ಬರುವ ಪ್ರತಿಯೊಂದು ಸಾಲೂ ಮಾಡಬೇಕಾಗುತ್ತದೆ.

ಹೊಸ ಜಾಗದಲ್ಲಿ ಹಳೆಯ ಸರಕು

ಕಂಪ್ಯೂಟರಿನ ಮೆಮೊರಿ ಖಾಲಿ ಎಂಬುದಿಲ್ಲ. ಪ್ರತಿ ಬಿಟ್ಟಿನಲ್ಲೂ ಸೊನ್ನೆಯೋ ಒಂದೋ ಇದ್ದೇ ಇರುತ್ತದೆ. ಹೊಸ ಆಬ್ಜೆಕ್ಟಿಗೆಂದು ಒಂದಿಷ್ಟು ಜಾಗ ಗೊತ್ತುಮಾಡಿದಾಗ ಅಲ್ಲಿ ಹಿಂದಿನ ಬಳಕೆಯ ಪಳೆಯುಳಿಕೆ ಹಾಗೆಯೇ ಕೂತಿರಬಹುದು. ಸಿ ಭಾಷೆ ಇದನ್ನು ತೊಡೆಯಲು ಹೋಗುವುದಿಲ್ಲ. ಒಂದು ಫಂಕ್ಷನ್ನಿನೊಳಗೆ ಪೂರ್ಣಾಂಕದ ವೇರಿಯಬಲ್ ಘೋಷಿಸಿ, ಬೆಲೆ ಕೊಡದೆ ಬಿಟ್ಟರೆ ಅದರಲ್ಲಿ ಏನಿರುತ್ತದೆ ಎಂದು ಭಾಷೆ ಹೇಳುವುದಿಲ್ಲ. ಹೇಗೂ ಪ್ರೋಗ್ರಾಮರ್ ತನಗೆ ಬೇಕಾದ ಬೆಲೆ ಬರೆಯುತ್ತಾನೆ, ಅದಕ್ಕೆ ಮುಂಚೆ ಸೊನ್ನೆ ಬರೆದು ಸಮಯ ಕಳೆಯುವುದೇಕೆ ಎಂಬುದು ಅದರ ಲೆಕ್ಕಾಚಾರ. ವೇಗ ಅತಿ ದುಬಾರಿಯಾಗಿದ್ದ 1970ರ ದಶಕಕ್ಕೆ ಅದು ಒಪ್ಪುವ ಮಾತೇ.

ಮೈಕ್ರೊಸಾಫ್ಟ್‌ನ ವಿಷುವಲ್ ಸ್ಟುಡಿಯೊದಲ್ಲಿ ಸಿ++ ಕಲಿತವರಲ್ಲಿ ಅನೇಕರು ‑858993460 ಎಂಬ ವಿಚಿತ್ರ ಸಂಖ್ಯೆಯನ್ನು ಪರದೆಯ ಮೇಲೆ ಕಂಡಿರುತ್ತಾರೆ. ಅಂಕಗಳ ಮೊತ್ತ ಮುನ್ನೂರೋ ನಾನೂರೋ ಬರಬೇಕಾದ ಕಡೆ ಎಂಬತ್ತೈದು ಕೋಟಿ ದಾಟಿದ ಋಣಸಂಖ್ಯೆ. ಇದು ಆಕಸ್ಮಿಕವಾಗಿ ಉಳಿದ ಕಸವಲ್ಲ. ಡೀಬಗ್ ಮಾಡುವಾಗ ವಿಷುವಲ್ ಸ್ಟುಡಿಯೊದ ಕಂಪೈಲರ್, ಅಂದರೆ ಕೋಡನ್ನು ಯಂತ್ರಭಾಷೆಗೆ ಇಳಿಸುವ ತಂತ್ರಾಂಶ, ಬೆಲೆ ಕೊಡದ ಸ್ಥಳೀಯ ವೇರಿಯಬಲ್ಲುಗಳ ಜಾಗವನ್ನು ಬೇಕೆಂದೇ ಒಂದೇ ಮಾದರಿಯ ಬಿಟ್ಟುಗಳಿಂದ ತುಂಬಿಸುತ್ತದೆ. ಆ ಬಿಟ್ಟುಗಳನ್ನು ಪೂರ್ಣಾಂಕವೆಂದು ಓದಿದರೆ ಸಿಗುವುದೇ ಈ ಸಂಖ್ಯೆ. ಬೆಲೆ ಕೊಡಲು ಮರೆತದ್ದು ಕಣ್ಣಿಗೆ ರಾಚುವಂತೆ ಕಾಣಲಿ ಎಂಬುದು ಅದರ ಉದ್ದೇಶ. ನಂಬುವಂತೆ ಕಾಣುವ ತಪ್ಪು ಬೆಲೆ ಬಂದಿದ್ದರೆ ಅದು ಯಾರ ಗಮನಕ್ಕೂ ಬೀಳದೆ ಮುಂದಕ್ಕೆ ಹೋಗುತ್ತಿತ್ತು.

1995ರಲ್ಲಿ ಬಂದ ಜಾವಾ ಬೇರೆ ದಾರಿ ಹಿಡಿಯಿತು. ಆಬ್ಜೆಕ್ಟಿಗೆ ಜಾಗ ಕೊಟ್ಟ ಕೂಡಲೇ ಅದು ಎಲ್ಲವನ್ನೂ ಒರೆಸಿ ಹಾಕುತ್ತದೆ: ಸಂಖ್ಯೆಗಳಿಗೆ ಸೊನ್ನೆ, ಹೌದು-ಅಲ್ಲ ಎಂಬ ಬೆಲೆಗಳಿಗೆ ಅಲ್ಲ, ಉಳಿದ ಆಬ್ಜೆಕ್ಟುಗಳನ್ನು ತೋರುವ ಪ್ರಾಪರ್ಟಿಗಳಿಗೆ ನಲ್. ಕಸ ಓದುವ ಭಯ ಇದರಿಂದ ತಪ್ಪಿತು. ಆದರೆ ಸೊನ್ನೆಯೂ ಒಂದು ಬೆಲೆಯೇ. ಸೊನ್ನೆ ಆಸನಗಳ ಟಿಕೆಟ್ಟಿಗೆ ಅರ್ಥವಿಲ್ಲ. ದರ ಸೊನ್ನೆ ಎಂದರೆ ಉಚಿತ ಪ್ರಯಾಣವೋ, ಇನ್ನೂ ತುಂಬಿಲ್ಲವೋ ಎಂದು ತಿಳಿಯುವುದಿಲ್ಲ. ಮೆಮೊರಿ ಶುದ್ಧವಾಯಿತು, ಟಿಕೆಟ್ ಸರಿಯಾಗಲಿಲ್ಲ.

ನಲ್‌ನ ಕತೆ ಇನ್ನೂ ಹಳೆಯದು. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಯ ವಿನ್ಯಾಸದಲ್ಲಿ ತೊಡಗಿದ್ದ ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, ಯಾವ ಆಬ್ಜೆಕ್ಟನ್ನೂ ತೋರದ ಸೂಚಿಯೊಂದನ್ನು ಅದರಲ್ಲಿ ಸೇರಿಸಿದರು. ಸೇರಿಸುವುದು ಬಹಳ ಸುಲಭವಾಗಿತ್ತು, ಆ ಆಸೆಗೆ ಬಿದ್ದೆ ಎಂದು ಅವರೇ 2009ರಲ್ಲಿ ಲಂಡನ್ನಿನ ಸಮ್ಮೇಳನವೊಂದರಲ್ಲಿ ಹೇಳಿದರು. ತಾನು ಮಾಡಿದ ನೂರು ಕೋಟಿ ಡಾಲರಿನ ತಪ್ಪು ಎಂದು ಅದನ್ನು ಕರೆದರು. ನಲ್‌ನಿಂದ ಆದ ಹಾವಳಿಗೆ ಒಂದು ಮುಖ್ಯ ಕಾರಣ ಆಬ್ಜೆಕ್ಟಿನ ಹುಟ್ಟಿನಲ್ಲೇ ಇದೆ. ಪ್ರಾಪರ್ಟಿಗೆ ತಕ್ಕ ಬೆಲೆ ಕೈಯಲ್ಲಿಲ್ಲದಿದ್ದರೂ ಆಬ್ಜೆಕ್ಟನ್ನು ಹುಟ್ಟಿಸಿಬಿಡಲು ನಲ್ ಅನುವು ಮಾಡಿಕೊಟ್ಟಿತು.

ಓಸ್ಲೋದಲ್ಲಿ ಸಿಕ್ಕ ಉತ್ತರ

ಕ್ಲಾಸ್ ಮತ್ತು ಆಬ್ಜೆಕ್ಟ್ ಎಂಬ ಕಲ್ಪನೆ ಬಂದದ್ದು ನಾರ್ವೆಯಿಂದ. ಓಸ್ಲೋ ನಗರದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಕೆಲಸ ಮಾಡುತ್ತಿದ್ದ ಒಲೆ-ಯೊಹಾನ್ ದಾಲ್ ಮತ್ತು ಕ್ರಿಸ್ಟೆನ್ ನೈಗೋರ್ ಅವರಿಗೆ ನಿಜಲೋಕದ ವ್ಯವಸ್ಥೆಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಬೇಕಿತ್ತು. ಸರತಿಯ ಸಾಲು, ಅದರಲ್ಲಿ ನಿಂತ ಗಿರಾಕಿಗಳು, ಅವರನ್ನು ವಿಚಾರಿಸಿಕೊಳ್ಳುವ ಕೌಂಟರುಗಳು ಎಂಬಂಥ ವ್ಯವಸ್ಥೆಗಳವು. ಅದಕ್ಕಾಗಿ ಅವರು ರೂಪಿಸಿದ ಸಿಮುಲಾ ಭಾಷೆಯ 1967ರ ಆವೃತ್ತಿಯಲ್ಲಿ ಕ್ಲಾಸ್ ಮೊದಲ ಬಾರಿಗೆ ಇಂದಿನ ರೂಪಕ್ಕೆ ಬಂತು. ಈ ಕೆಲಸಕ್ಕೆ ಅವರಿಬ್ಬರಿಗೂ 2001ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಮರುವರ್ಷವೇ ಇಬ್ಬರೂ ತೀರಿಕೊಂಡರು.

ಸಿಮುಲಾದಲ್ಲಿ ಕ್ಲಾಸಿಗೇ ಆರ್ಗ್ಯುಮೆಂಟುಗಳನ್ನು, ಅಂದರೆ ಅದಕ್ಕೆ ಬೇಕಾದ ಬೆಲೆಗಳನ್ನು, ಕೊಡಬಹುದಿತ್ತು. ಬಿಂದು ಎಂಬ ಕ್ಲಾಸ್ ಇದ್ದರೆ, ಎರಡು ಅಳತೆಗಳನ್ನು ಕೊಟ್ಟೇ ಹೊಸ ಬಿಂದುವನ್ನು ಹುಟ್ಟಿಸುವುದು. ಕ್ಲಾಸಿನ ಒಡಲಲ್ಲಿ ಬರೆದ ಆದೇಶಗಳು ಆಬ್ಜೆಕ್ಟ್ ಹುಟ್ಟಿದ ತಕ್ಷಣ ತಾವಾಗಿಯೇ ಓಡುತ್ತಿದ್ದವು. ಗಿರಾಕಿಯನ್ನು ಅನುಕರಿಸುವ ಆಬ್ಜೆಕ್ಟ್ ಎಂದರೆ ಬಂದ ಹೊತ್ತು, ಬೇಕಾದ ಸೇವೆ ಎರಡೂ ಗೊತ್ತಿರುವ ಗಿರಾಕಿ. ಹೆಸರಿಲ್ಲದ, ಬಂದ ಹೊತ್ತೇ ತಿಳಿಯದ ಗಿರಾಕಿಯನ್ನು ಸಾಲಿನಲ್ಲಿ ನಿಲ್ಲಿಸಿದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂಬುದು ಆ ಕೆಲಸದಲ್ಲಿದ್ದವರಿಗೆ ಸಹಜವಾಗಿಯೇ ಹೊಳೆಯುವಂಥದ್ದು.

ಸಿ++ ಕಟ್ಟಿದ ಬ್ಯಾರ್ನೆ ಸ್ಟ್ರೌಸ್ಟ್ರಪ್ ಕೇಂಬ್ರಿಜ್‌ನಲ್ಲಿ ಪಿಎಚ್.ಡಿ. ಮಾಡುವಾಗ ಸಿಮುಲಾ ಬಳಸಿದ್ದವರು. 1979ರಲ್ಲಿ ಬೆಲ್ ಲ್ಯಾಬ್ಸ್ ಸೇರಿ ಅವರು ಸಿ ಭಾಷೆಗೆ ಕ್ಲಾಸುಗಳನ್ನು ಹೊಸೆಯತೊಡಗಿದಾಗ, ಆಬ್ಜೆಕ್ಟ್ ಹುಟ್ಟುವಾಗ ಓಡುವ ವಿಶೇಷ ಫಂಕ್ಷನ್ ಒಂದನ್ನು ಮೊದಲ ಹಂತದಲ್ಲೇ ಸೇರಿಸಿದರು. ಆಗ ಅದರ ಹೆಸರು ನ್ಯೂ. ಕ್ಲಾಸಿನ ಹೆಸರನ್ನೇ ಕನ್‌ಸ್ಟ್ರಕ್ಟರಿಗೂ ಇಡುವ ಈಗಿನ ರೂಢಿ ಆಮೇಲೆ ಬಂತು. ಉಳಿದ ಫಂಕ್ಷನ್ನುಗಳು ಕೆಲಸ ಮಾಡಲು ಬೇಕಾದ ನೆಲೆಯನ್ನು ಸಿದ್ಧಪಡಿಸಿಕೊಡುವುದು ಕನ್‌ಸ್ಟ್ರಕ್ಟರಿನ ಕೆಲಸ ಎಂಬುದು ಅವರ ನಿಲುವು. ಬೆಲೆ ತುಂಬುವುದು ಅದರ ಒಂದು ಭಾಗ ಮಾತ್ರ.

ಆ ನೆಲೆ ಎಂದರೇನು ಎಂಬುದನ್ನು ಗಣಿತದ ಕಟ್ಟುನಿಟ್ಟಿನಲ್ಲಿ ಹೇಳಿದವರು ಮತ್ತದೇ ಟೋನಿ ಹೋರ್. 1972ರ ಒಂದು ಪ್ರಬಂಧದಲ್ಲಿ, ದತ್ತಾಂಶದ ಒಂದು ರಚನೆ ಸರಿ ಎಂದು ಸಾಧಿಸುವ ಬಗೆಯನ್ನು ಅವರು ವಿವರಿಸಿದರು. ಅದಕ್ಕೆ ಬೇಕಾಗುವುದು ಎಂದೂ ಕೆಡಬಾರದ ಒಂದು ನಿಯಮ. ಅದಕ್ಕೆ ಇನ್‌ವೇರಿಯಂಟ್ ಎನ್ನುತ್ತಾರೆ. ಟಿಕೆಟ್ಟಿಗೆ ಹೇಳುವುದಾದರೆ: ಹತ್ತುವ ಊರು ಮತ್ತು ಇಳಿಯುವ ಊರು ಬೇರೆ ಬೇರೆ, ಆಸನ ಒಂದಕ್ಕಿಂತ ಕಡಿಮೆಯಿಲ್ಲ. ಈಗ ಎರಡು ವಿಷಯ ಸಾಧಿಸಿದರೆ ಸಾಕು. ಮೊದಲನೆಯದು, ಹುಟ್ಟಿದ ಕೂಡಲೇ ನಿಯಮ ನಿಜ. ಎರಡನೆಯದು, ಯಾವ ಕೆಲಸಕ್ಕೆ ಮೊದಲು ನಿಯಮ ನಿಜವೋ, ಆ ಕೆಲಸ ಮುಗಿದ ಮೇಲೂ ನಿಜ. ಇವೆರಡು ಸಿಕ್ಕರೆ ಆಬ್ಜೆಕ್ಟಿನ ಆಯುಷ್ಯದುದ್ದಕ್ಕೂ ನಿಯಮ ಮುರಿಯುವುದಿಲ್ಲ. ಗಣಿತಾನುಗಮನದ ತರ್ಕವೇ ಇದು: ಮೊದಲ ಮೆಟ್ಟಿಲು ಸರಿ, ಪ್ರತಿ ಮೆಟ್ಟಿಲಿನಿಂದ ಮುಂದಿನದಕ್ಕೆ ದಾರಿ ಇದೆ, ಹಾಗಾಗಿ ಎಲ್ಲವೂ ಸರಿ. ಮೊದಲ ಮೆಟ್ಟಿಲೇ ಇಲ್ಲದಿದ್ದರೆ ಉಳಿದ ಸಾಧನೆಯೆಲ್ಲ ನೀರುಪಾಲು. ಕನ್‌ಸ್ಟ್ರಕ್ಟರ್ ಆ ಮೊದಲ ಮೆಟ್ಟಿಲು.

ಫ್ರಾನ್ಸಿನ ಬರ್ಟ್ರಾಂಡ್ ಮೆಯೆರ್ 1980ರ ದಶಕದ ನಡುವಿನಲ್ಲಿ ರೂಪಿಸಿದ ಐಫೆಲ್ ಭಾಷೆಯಲ್ಲಿ ಈ ನಿಯಮವನ್ನು ಕ್ಲಾಸಿನೊಳಗೇ ಬರೆದಿಡಬಹುದು. ಆಬ್ಜೆಕ್ಟ್ ಹುಟ್ಟಿ ಮುಗಿಯುವಾಗ ನಿಯಮ ಪಾಲನೆಯಾಗಿದೆಯೇ ಎಂದು ಭಾಷೆಯೇ ಪರೀಕ್ಷಿಸಿ ನೋಡಬಲ್ಲದು.

ಆಮೇಲೆ ತುಂಬಿದರಾಯಿತು ಎಂಬ ದಾರಿ

ಇಷ್ಟು ಸ್ಪಷ್ಟವಾದ ವಿಚಾರ ಇದ್ದೂ 1990ರ ದಶಕದ ಕೊನೆಯಲ್ಲಿ ಲಕ್ಷಾಂತರ ಪ್ರೋಗ್ರಾಮರುಗಳು ಬೇರೆಯದೇ ರೂಢಿಗೆ ಬಿದ್ದರು. ಮೊದಲು ಏನೂ ಇಲ್ಲದ ಆಬ್ಜೆಕ್ಟನ್ನು ಹುಟ್ಟಿಸುವುದು, ಬಳಿಕ ಒಂದೊಂದೇ ಪ್ರಾಪರ್ಟಿ ತುಂಬುತ್ತ ಹೋಗುವುದು:

ಟಿ = ಟಿಕೆಟ್()
ಟಿ.ಹತ್ತುವ_ಊರು = "ಹಾಸನ"
ಟಿ.ಇಳಿಯುವ_ಊರು = "ಮೈಸೂರು"
ಟಿ.ಆಸನ = 2

ಇದರ ಹಿಂದೆ ಸಕಾರಣವೇ ಇತ್ತು. ಜಾವಾದ ಜಾವಾಬೀನ್ಸ್ ಎಂಬ ಮಾನದಂಡವನ್ನು ಮುಖ್ಯವಾಗಿ ಚಿತ್ರರೂಪದ ವಿನ್ಯಾಸ ಸಾಧನಗಳಿಗಾಗಿ ಮಾಡಲಾಗಿತ್ತು. ಪರದೆಯ ಮೇಲೆ ಮೌಸ್‌ನಿಂದ ಒಂದು ಗುಂಡಿಯನ್ನು ಎಳೆದು ತಂದು ಇಟ್ಟಾಗ, ಸಾಧನ ಮೊದಲು ಗುಂಡಿಯನ್ನು ಹುಟ್ಟಿಸಬೇಕು. ಬಣ್ಣ, ಅಗಲ, ಬರಹ ಯಾವುದೆಂದು ಬಳಕೆದಾರ ಆಮೇಲೆ ಹೇಳುತ್ತಾನೆ. ಹಾಗಾಗಿ ಆರ್ಗ್ಯುಮೆಂಟೇ ಇಲ್ಲದ ಕನ್‌ಸ್ಟ್ರಕ್ಟರ್, ಪ್ರಾಪರ್ಟಿಗಳಿಗೆ ಬೆಲೆ ತುಂಬುವ ಸೆಟರ್ ಎಂಬ ಫಂಕ್ಷನ್ನುಗಳು ಬೇಕಾದವು. ದತ್ತಸಂಚಯದ ಸಾಲುಗಳನ್ನು ಆಬ್ಜೆಕ್ಟುಗಳನ್ನಾಗಿ ಮಾಡುವ ತಂತ್ರಾಂಶಗಳೂ ಇದೇ ಬಗೆಯನ್ನು ಕೇಳಿದವು. ಗುಂಡಿಗೆ ಇದು ಒಗ್ಗುತ್ತದೆ. ಬಣ್ಣ ಹೇಳದಿದ್ದರೂ ಗುಂಡಿ ಗುಂಡಿಯೇ. ಅದೇ ರೂಢಿ ಟಿಕೆಟ್ಟಿಗೆ, ಬ್ಯಾಂಕ್ ಖಾತೆಗೆ, ಔಷಧಿ ಚೀಟಿಗೆ ಹಬ್ಬಿದಾಗ ತೊಂದರೆ ಶುರುವಾಯಿತು.

ಮೇಲಿನ ನಾಲ್ಕು ಸಾಲುಗಳನ್ನು ನಿಧಾನವಾಗಿ ನೋಡಿ. ಮೂರು ಪ್ರಾಪರ್ಟಿಗಳಲ್ಲಿ ಒಂದೊಂದೂ ತುಂಬಿರಬಹುದು, ತುಂಬದೆ ಇರಬಹುದು. ಹಾಗಾಗಿ ಟಿಕೆಟ್ ಒಟ್ಟು ಎಂಟು ಸ್ಥಿತಿಗಳಲ್ಲಿ ಇರಲು ಸಾಧ್ಯ. ಅವುಗಳಲ್ಲಿ ಸರಿಯಾದದ್ದು ಒಂದೇ. ಪ್ರಾಪರ್ಟಿಗಳು ಹತ್ತಾದರೆ ಸ್ಥಿತಿಗಳು 1024. ಆಗಲೂ ಸರಿಯಾದದ್ದು ಒಂದೇ. ಈ ಆಬ್ಜೆಕ್ಟನ್ನು ಪಡೆದ ಯಾವ ಫಂಕ್ಷನ್ನಿಗೂ ತನ್ನ ಕೈಗೆ ಬಂದಿರುವುದು ಆ ಒಂದೋ, ಉಳಿದ 1023ರಲ್ಲಿ ಯಾವುದೋ ಎಂದು ಖಾತ್ರಿಯಿಲ್ಲ. ದರ ಲೆಕ್ಕ ಹಾಕುವ ಫಂಕ್ಷನ್ ಇಳಿಯುವ ಊರು ಇದೆಯೇ ಎಂದು ಪರೀಕ್ಷಿಸುತ್ತದೆ. ಟಿಕೆಟ್ ಮುದ್ರಿಸುವ ಫಂಕ್ಷನ್ ಮತ್ತೆ ಪರೀಕ್ಷಿಸುತ್ತದೆ. ಹಣ ವಾಪಸು ಮಾಡುವ ಫಂಕ್ಷನ್ ಬರೆದವರು ಪರೀಕ್ಷಿಸಲು ಮರೆಯುತ್ತಾರೆ.

ಇನ್ನೂ ಕಷ್ಟದ ಸಂಗತಿಯೆಂದರೆ ತಪ್ಪು ಆದ ಜಾಗ ಒಂದು, ಅದು ಸಿಡಿಯುವ ಜಾಗ ಇನ್ನೊಂದು. ಇಳಿಯುವ ಊರನ್ನು ತುಂಬಲು ಮರೆತದ್ದು ಬೆಳಗ್ಗೆ ಬುಕಿಂಗ್ ವೇಳೆ; ಪ್ರೋಗ್ರಾಮ್ ನಿಂತುಹೋಗುವುದು ರಾತ್ರಿ ವರದಿ ತಯಾರಿಸುವಾಗ. ದೋಷಸಂದೇಶ ವರದಿಯ ಕೋಡನ್ನು ಬೊಟ್ಟುಮಾಡುತ್ತದೆ. ಅಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗದು, ಏಕೆಂದರೆ ಆ ಕೋಡಿನಲ್ಲಿ ತಪ್ಪೇ ಇಲ್ಲ. ಕನ್‌ಸ್ಟ್ರಕ್ಟರ್ ಮೂರೂ ಬೆಲೆಗಳನ್ನು ಕೇಳಿ, ಪರೀಕ್ಷಿಸಿ, ಸರಿಯಿಲ್ಲದಿದ್ದರೆ ಅಲ್ಲೇ ತಡೆದಿದ್ದರೆ ಆಬ್ಜೆಕ್ಟ್ ಹುಟ್ಟುತ್ತಲೇ ಇರಲಿಲ್ಲ; ತಪ್ಪು ಮಾಡಿದ ಸಾಲಿನಲ್ಲೇ ತಪ್ಪು ಕಾಣುತ್ತಿತ್ತು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಕೊಟ್ಟದ್ದೊಂದು, ತಿಳಿದುಕೊಂಡದ್ದೊಂದು

ಹಾಗೆಂದು ಎಲ್ಲ ಬೆಲೆಗಳನ್ನೂ ಕನ್‌ಸ್ಟ್ರಕ್ಟರಿಗೆ ಸಾಲಾಗಿ ಕೊಟ್ಟರೆ ಸಮಸ್ಯೆ ಮುಗಿಯುವುದಿಲ್ಲ. ನಮ್ಮ ಮೊದಲ ಸಾಲನ್ನೇ ತಿರುಗಿಸಿ "ಮೈಸೂರು", "ಹಾಸನ" ಎಂದು ಬರೆದರೂ ಪ್ರೋಗ್ರಾಮ್ ಒಪ್ಪುತ್ತದೆ. ಎರಡೂ ಪಠ್ಯ, ಎರಡೂ ಊರಿನ ಹೆಸರು. ಪ್ರಯಾಣಿಕರು ಮಾತ್ರ ತಪ್ಪು ಊರಿನಲ್ಲಿ ನಿಂತಿರುತ್ತಾರೆ.

ಇದಕ್ಕೆ ಜಾವಾದ ಮೊದಲ ಆವೃತ್ತಿಯಲ್ಲಿದ್ದ ಡೇಟ್ ಕ್ಲಾಸಿಗಿಂತ ಒಳ್ಳೆಯ ಪಾಠ ಸಿಗಲಾರದು. ಅದರ ಕನ್‌ಸ್ಟ್ರಕ್ಟರಿಗೆ ವರ್ಷ, ತಿಂಗಳು, ದಿನ ಕೊಡಬೇಕು. 2024, 1, 15 ಎಂದು ಕೊಟ್ಟವರು ನಿರೀಕ್ಷಿಸುವುದು 2024ರ ಜನವರಿ 15. ಸಿಗುವುದು 3924ರ ಫೆಬ್ರವರಿ 15. ವರ್ಷವನ್ನು 1900ರಿಂದ ಎಣಿಸಬೇಕು, ತಿಂಗಳನ್ನು ಸೊನ್ನೆಯಿಂದ ಎಣಿಸಬೇಕು, ದಿನವನ್ನು ಮಾತ್ರ ಒಂದರಿಂದ ಎಣಿಸಬೇಕು ಎಂಬುದು ಅದರ ಕಟ್ಟಳೆ. ಇಲ್ಲದ ದಿನಾಂಕ ಕೊಟ್ಟರೂ ಅದು ಬೇಡವೆನ್ನುತ್ತಿರಲಿಲ್ಲ. ಜನವರಿ 32 ಎಂದರೆ ಫೆಬ್ರವರಿ 1 ಎಂದು ತಾನೇ ಹೊಂದಿಸಿಕೊಳ್ಳುತ್ತಿತ್ತು. 1997ರಲ್ಲಿ ಬಂದ ಮುಂದಿನ ಆವೃತ್ತಿಯಲ್ಲೇ ಈ ಕನ್‌ಸ್ಟ್ರಕ್ಟರನ್ನು ಬಳಸಬೇಡಿ ಎಂದು ಗುರುತು ಹಾಕಲಾಯಿತು. 2014ರ ಜಾವಾ 8ರಲ್ಲಿ ಬಂದ ಹೊಸ ದಿನಾಂಕ ಕ್ಲಾಸುಗಳಲ್ಲಿ ಜನವರಿ ಎಂದರೆ 1, ವರ್ಷ ಎಂದರೆ ಕ್ಯಾಲೆಂಡರಿನ ವರ್ಷ. ಫೆಬ್ರವರಿ 30 ಎಂದು ಕೇಳಿದರೆ ಅವು ಆಬ್ಜೆಕ್ಟನ್ನೇ ಹುಟ್ಟಿಸುವುದಿಲ್ಲ, ದೋಷವೆಂದು ಹೇಳುತ್ತವೆ.

ದುಡ್ಡಿನ ಲೆಕ್ಕದಲ್ಲಿ ಬರುವ ಎಡವಟ್ಟು ಇನ್ನೂ ಸೂಕ್ಷ್ಮ. ಜಾವಾದಲ್ಲಿ ದಶಮಾಂಶಗಳನ್ನು ನಿಖರವಾಗಿ ಇಡಲೆಂದೇ ಬಿಗ್‌ಡೆಸಿಮಲ್ ಎಂಬ ಕ್ಲಾಸ್ ಇದೆ. ಅದಕ್ಕೆ 0.1 ಎಂಬ ಸಂಖ್ಯೆಯನ್ನು ಕೊಟ್ಟು ಹುಟ್ಟಿಸಿದರೆ ಒಳಗೆ ಕೂರುವ ಬೆಲೆ 0.1000000000000000055511151231257827021181583404541015625. ಕ್ಲಾಸಿನ ತಪ್ಪಲ್ಲ ಇದು. ದ್ವಿಮಾನ ಪದ್ಧತಿಯಲ್ಲಿ ಹತ್ತರಲ್ಲೊಂದು ಭಾಗವನ್ನು ನಿಖರವಾಗಿ ಬರೆಯಲು ಬರುವುದಿಲ್ಲ. ಹಾಗಾಗಿ ಕನ್‌ಸ್ಟ್ರಕ್ಟರನ್ನು ಮುಟ್ಟುವ ಮೊದಲೇ ಸಂಖ್ಯೆ ಕೂದಲೆಳೆಯಷ್ಟು ಬದಲಾಗಿರುತ್ತದೆ, ಬಿಗ್‌ಡೆಸಿಮಲ್ ಅದನ್ನು ನಿಷ್ಠೆಯಿಂದ ಉಳಿಸಿಕೊಳ್ಳುತ್ತದೆ. ಅದೇ 0.1 ಅನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಟ್ಟರೆ ನಿಖರವಾದ ಬೆಲೆ ಸಿಗುತ್ತದೆ. ಎರಡು ಉದ್ಧರಣ ಚಿಹ್ನೆಗಳ ಅಂತರದಲ್ಲಿ ಆಬ್ಜೆಕ್ಟಿನ ಇಡೀ ಉದ್ದೇಶವೇ ನಿಂತಿದೆ.

ಸಿ++ನ ವೆಕ್ಟರ್ ಎಂಬ ಪಟ್ಟಿಯಲ್ಲಂತೂ ಆವರಣ ಚಿಹ್ನೆಯೇ ಅರ್ಥ ಬದಲಿಸುತ್ತದೆ. ದುಂಡು ಆವರಣದಲ್ಲಿ 10, 5 ಎಂದು ಬರೆದರೆ ಹತ್ತು ಐದುಗಳ ಪಟ್ಟಿ. 2011ರ ಆವೃತ್ತಿಯಿಂದ ಬಂದ ಹೂ ಆವರಣದಲ್ಲಿ ಬರೆದರೆ ಹತ್ತು ಮತ್ತು ಐದು ಎಂಬ ಎರಡೇ ಸಂಖ್ಯೆಗಳ ಪಟ್ಟಿ.

ಈ ಗೊಂದಲಗಳಲ್ಲಿ ಬಹುಪಾಲಿಗೆ ಪರಿಹಾರ ಹೆಸರು ಹಿಡಿದು ಕೊಡುವುದು:

ಟಿ = ಟಿಕೆಟ್(ಹತ್ತುವ_ಊರು="ಹಾಸನ", ಇಳಿಯುವ_ಊರು="ಮೈಸೂರು", ಆಸನ=2)

ಈಗ ಕ್ರಮ ಬದಲಾದರೂ ಅರ್ಥ ಬದಲಾಗದು, ಓದುವವರು ಕ್ಲಾಸನ್ನು ತೆರೆದು ನೋಡಬೇಕಾಗಿಲ್ಲ. ಕ್ಸೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ 1970ರ ದಶಕದಲ್ಲಿ ಬೆಳೆದ ಸ್ಮಾಲ್‌ಟಾಕ್ ಭಾಷೆಯಲ್ಲಿ ಇಂಥ ಹೆಸರುಗಳು ವ್ಯಾಕರಣದ ಭಾಗವೇ ಆಗಿದ್ದವು. ಪೈಥಾನ್, ಕೋಟ್ಲಿನ್ ಭಾಷೆಗಳಲ್ಲಿ ಈ ಸೌಲಭ್ಯ ಇದೆ. ಪಿಎಚ್‌ಪಿಗೆ 2020ರಲ್ಲಿ ಬಂತು. ಇದಿಲ್ಲದ ಜಾವಾದಲ್ಲಿ ಬಿಲ್ಡರ್ ಎಂಬ ಸಹಾಯಕ ಆಬ್ಜೆಕ್ಟನ್ನು ಬಳಸುತ್ತಾರೆ. ಬೆಲೆಗಳನ್ನು ಒಂದೊಂದಾಗಿ ಹೆಸರು ಹಿಡಿದು ಬಿಲ್ಡರಿಗೆ ಕೊಡುವುದು, ಎಲ್ಲ ಸೇರಿದ ಮೇಲೆ ಅದು ಒಂದೇ ಏಟಿಗೆ ನಿಜವಾದ ಆಬ್ಜೆಕ್ಟನ್ನು ಕಟ್ಟಿಕೊಡುವುದು. ಜಾಶುವಾ ಬ್ಲಾಕ್ ಅವರ ಎಫೆಕ್ಟಿವ್ ಜಾವಾ ಪುಸ್ತಕದ 2008ರ ಆವೃತ್ತಿ ಈ ಬಗೆಯನ್ನು ಮನೆಮಾತಾಗಿಸಿತು. ಅರ್ಧಂಬರ್ಧ ಸ್ಥಿತಿ ಬಿಲ್ಡರಿನಲ್ಲೇ ಉಳಿಯುತ್ತದೆ, ಟಿಕೆಟ್ಟಿಗೆ ಅಂಟುವುದಿಲ್ಲ ಎಂಬುದು ಅದರ ಲಾಭ.

ಹೇಳದೆ ಬಿಟ್ಟ ಬೆಲೆ

ಎಲ್ಲ ಬೆಲೆಗಳನ್ನೂ ಪ್ರತಿ ಸಲ ಹೇಳಬೇಕೆಂದಿಲ್ಲ. ಹೆಚ್ಚಿನವರು ಒಂದೇ ಆಸನ ಕೇಳುತ್ತಾರೆಂದಾದರೆ, ಹೇಳದಿದ್ದಾಗ ಆಸನ 1 ಎಂದು ಡಿಫಾಲ್ಟ್ ಇಡಬಹುದು. ಡಿಫಾಲ್ಟ್ ಎಂದರೆ ಕ್ಲಾಸ್ ಬರೆದವರು ಬಳಸುವವರ ಪರವಾಗಿ ತೆಗೆದುಕೊಂಡ ತೀರ್ಮಾನ. ಅದು ಎಲ್ಲರಿಗೂ ಒಪ್ಪುವಂತಿದ್ದರೆ ವರ. ಇಳಿಯುವ ಊರಿಗೆ ಡಿಫಾಲ್ಟ್ ಆಗಿ ಬೆಂಗಳೂರು ಎಂದಿಟ್ಟರೆ, ಹೇಳಲು ಮರೆತ ತಪ್ಪನ್ನು ಅದು ಮುಚ್ಚಿಹಾಕುತ್ತದೆ.

ಪೈಥಾನಿನಲ್ಲಿ ಡಿಫಾಲ್ಟ್ ಬೆಲೆಯ ಒಂದು ಗುಣ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ಟಿಕೆಟ್ಟಿಗೆ ಪ್ರಯಾಣಿಕರ ಪಟ್ಟಿ ಬೇಕು, ಹೇಳದಿದ್ದರೆ ಖಾಲಿ ಪಟ್ಟಿ ಇರಲಿ ಎಂದು ಕನ್‌ಸ್ಟ್ರಕ್ಟರಿನಲ್ಲಿ ಪ್ರಯಾಣಿಕರು=[] ಎಂದು ಬರೆಯುತ್ತೇವೆ. ಎರಡು ಟಿಕೆಟ್ ಹುಟ್ಟಿಸಿ, ಮೊದಲನೆಯದರ ಪಟ್ಟಿಗೆ ಗಿರಿಜಾ ಎಂಬ ಹೆಸರು ಸೇರಿಸಿ, ಎರಡನೆಯದರ ಪಟ್ಟಿಯನ್ನು ಮುದ್ರಿಸಿ. ಅಲ್ಲೂ ಗಿರಿಜಾ! ಆ ಖಾಲಿ ಪಟ್ಟಿ ಪ್ರತಿ ಟಿಕೆಟ್ಟಿಗೂ ಹೊಸದಾಗಿ ಆಗುವುದಿಲ್ಲ. ಕನ್‌ಸ್ಟ್ರಕ್ಟರಿನ ವಿವರಣೆಯನ್ನು ಪೈಥಾನ್ ಮೊದಲ ಸಲ ಓದಿದಾಗ ಒಂದೇ ಒಂದು ಪಟ್ಟಿ ಹುಟ್ಟುತ್ತದೆ. ಹೇಳದೆ ಬಿಟ್ಟ ಎಲ್ಲ ಟಿಕೆಟ್ಟುಗಳೂ ಅದೇ ಪಟ್ಟಿಯನ್ನು ತೋರುತ್ತವೆ. ಒಬ್ಬರ ಟಿಕೆಟ್ಟಿನಲ್ಲಿ ಇನ್ನೊಬ್ಬರ ಹೆಸರು ಬರುವುದು ಹೀಗೆ. 2018ರ ಪೈಥಾನ್ 3.7ರಲ್ಲಿ ಬಂದ ಡೇಟಾಕ್ಲಾಸ್ ಎಂಬ ಸೌಲಭ್ಯ ಇಂಥ ಡಿಫಾಲ್ಟ್ ಬರೆದರೆ ಕ್ಲಾಸನ್ನೇ ಒಪ್ಪುವುದಿಲ್ಲ. ಪ್ರತಿ ಆಬ್ಜೆಕ್ಟಿಗೂ ಹೊಸ ಪಟ್ಟಿ ಮಾಡಿಕೊಡುವ ವಿಧಾನವನ್ನು ಬಿಡಿಸಿ ಹೇಳಿ ಎಂದು ಕೇಳುತ್ತದೆ.

ಹುಟ್ಟುತ್ತಿರುವಾಗಲೇ ಕೆಲಸಕ್ಕೆ ಕರೆದರೆ

ಕನ್‌ಸ್ಟ್ರಕ್ಟರ್ ಓಡುತ್ತಿರುವಷ್ಟು ಹೊತ್ತು ಆಬ್ಜೆಕ್ಟ್ ಇದೆ, ಆದರೆ ಪೂರ್ತಿಯಾಗಿ ಇಲ್ಲ. ಹವಾನಿಯಂತ್ರಿತ ಬಸ್ಸಿನ ಟಿಕೆಟ್, ಟಿಕೆಟ್ ಕ್ಲಾಸಿನ ಮಗಳು, ಅಂದರೆ ಅದರ ಗುಣಗಳನ್ನು ಪಡೆದು ಅದರ ಮೇಲೆ ಬೆಳೆದ ಕ್ಲಾಸ್, ಎಂದಿರಲಿ. ಜಾವಾದಲ್ಲಿ ಮೊದಲು ತಾಯಿಯ ಕನ್‌ಸ್ಟ್ರಕ್ಟರ್ ಓಡುತ್ತದೆ, ಆಮೇಲೆ ಮಗಳ ಪ್ರಾಪರ್ಟಿಗಳಿಗೆ ಬೆಲೆ ಬರುತ್ತದೆ. ತಾಯಿಯ ಕನ್‌ಸ್ಟ್ರಕ್ಟರ್ ದರ ಲೆಕ್ಕ ಹಾಕುವ ಫಂಕ್ಷನ್ನನ್ನು ಕರೆದು, ಮಗಳು ಆ ಫಂಕ್ಷನ್ನನ್ನು ತನ್ನದೇ ರೀತಿಯಲ್ಲಿ ಬರೆದುಕೊಂಡಿದ್ದರೆ ಓಡುವುದು ಮಗಳದು. ಆದರೆ ಹವಾನಿಯಂತ್ರಣದ ಹೆಚ್ಚುವರಿ ದರ ಇನ್ನೂ ಸೊನ್ನೆಯೇ ಆಗಿರುತ್ತದೆ. ಕೋಡ್ ಓದಿದರೆ ಎಲ್ಲವೂ ಸರಿ, ಟಿಕೆಟ್ಟಿನ ದರ ಕಡಿಮೆ. ಸಿ++ ಇಂಥ ಹೊತ್ತಿನಲ್ಲಿ ತಾಯಿಯ ಫಂಕ್ಷನ್ನನ್ನೇ ಓಡಿಸುತ್ತದೆ. ಇನ್ನೂ ಹುಟ್ಟದ ಮಗಳನ್ನು ಕೆಲಸಕ್ಕೆ ಕರೆಯುವುದಿಲ್ಲ. ಎರಡೂ ಭಾಷೆಗಳಿಗೆ ಹೊಂದುವ ನಿಯಮ ಒಂದೇ: ಕನ್‌ಸ್ಟ್ರಕ್ಟರಿನೊಳಗಿಂದ ಮಗಳು ಬದಲಿಸಬಹುದಾದ ಫಂಕ್ಷನ್ನುಗಳನ್ನು ಕರೆಯಬಾರದು.

ಒಂದೇ ಪ್ರೋಗ್ರಾಮಿನಲ್ಲಿ ಒಂದಕ್ಕಿಂತ ಹೆಚ್ಚು ಥ್ರೆಡ್ಡುಗಳು, ಅಂದರೆ ಕೆಲಸದ ಎಳೆಗಳು, ಒಟ್ಟಿಗೆ ಓಡುವಾಗ ಇನ್ನೊಂದು ಅಪಾಯ ಎದುರಾಗುತ್ತದೆ. ಒಂದು ಥ್ರೆಡ್ ಹುಟ್ಟಿಸಿದ ಆಬ್ಜೆಕ್ಟ್ ಇನ್ನೊಂದರ ಕಣ್ಣಿಗೆ ಅರೆಬರೆ ತುಂಬಿದಂತೆ ಕಾಣಬಹುದು, ಏಕೆಂದರೆ ಪ್ರೊಸೆಸರ್ ಮತ್ತು ಕಂಪೈಲರ್ ವೇಗಕ್ಕಾಗಿ ಬರೆಯುವ ಕ್ರಮವನ್ನು ಅದಲುಬದಲು ಮಾಡುತ್ತವೆ. 2004ರ ಜಾವಾ 5ರಲ್ಲಿ ಮೆಮೊರಿಯ ನಿಯಮಗಳನ್ನು ತಿದ್ದಿ ಬರೆದಾಗ ಒಂದು ಭರವಸೆ ಸೇರಿಸಿದರು: ಫೈನಲ್ ಎಂದು, ಅಂದರೆ ಆಮೇಲೆ ಬದಲಾಗದು ಎಂದು, ಗುರುತಿಸಿದ ಪ್ರಾಪರ್ಟಿ, ಕನ್‌ಸ್ಟ್ರಕ್ಟರ್ ಮುಗಿಯುವ ಮೊದಲು ಆಬ್ಜೆಕ್ಟ್ ಹೊರಗೆ ಸೋರದಿದ್ದರೆ, ಎಲ್ಲ ಥ್ರೆಡ್ಡುಗಳಿಗೂ ಸರಿಯಾದ ಬೆಲೆಯಲ್ಲೇ ಕಾಣುತ್ತದೆ.

ಭಾಷೆಗಳು ಕಲಿತ ಪಾಠ

ಕಳೆದ ಎರಡು ದಶಕಗಳ ಭಾಷೆಗಳನ್ನು ನೋಡಿದರೆ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ತಿಳಿಯುತ್ತದೆ. ಸಿ ಶಾರ್ಪ್‌ನ ಕತೆಯೊಂದೇ ಸಾಕು. 2007ರಲ್ಲಿ ಅದಕ್ಕೆ ಆಬ್ಜೆಕ್ಟ್ ಇನಿಶಿಯಲೈಸರ್ ಬಂತು: ಹುಟ್ಟಿಸುವ ಸಾಲಿನಲ್ಲೇ ಹೂ ಆವರಣದೊಳಗೆ ಪ್ರಾಪರ್ಟಿಗಳ ಹೆಸರು ಹಿಡಿದು ಬೆಲೆ ತುಂಬಬಹುದು. ಬರೆಯಲು ಸೊಗಸು, ಓದಲು ಸುಲಭ. ಆದರೆ ಒಳಗೆ ನಡೆಯುವುದು ಖಾಲಿ ಆಬ್ಜೆಕ್ಟ್ ಹುಟ್ಟಿಸಿ ಆಮೇಲೆ ತುಂಬುವ ಕೆಲಸವೇ. ಹಾಗಾಗಿ ಎರಡು ಕೊರತೆ ಉಳಿದವು. ಇನಿಶಿಯಲೈಸರ್ ತುಂಬಬೇಕಾದ ಪ್ರಾಪರ್ಟಿಯನ್ನು ಆಮೇಲೆ ಯಾರು ಬೇಕಾದರೂ ಬದಲಿಸಬಹುದಿತ್ತು; ಒಂದು ಪ್ರಾಪರ್ಟಿಯನ್ನು ಬಿಟ್ಟರೂ ಕೇಳುವವರಿರಲಿಲ್ಲ. ಮೊದಲ ಕೊರತೆಯನ್ನು 2020ರಲ್ಲಿ ಇನಿಟ್ ಎಂಬ ಗುರುತು ತುಂಬಿತು: ಹುಟ್ಟುವಾಗ ಮಾತ್ರ ಬೆಲೆ ಕೊಡಿ, ಆಮೇಲೆ ಮುಟ್ಟುವಂತಿಲ್ಲ. ಎರಡನೆಯದನ್ನು 2022ರಲ್ಲಿ ರಿಕ್ವೈರ್ಡ್ ಎಂಬ ಗುರುತು ತುಂಬಿತು: ಈ ಪ್ರಾಪರ್ಟಿಯನ್ನು ಬಿಟ್ಟರೆ ಪ್ರೋಗ್ರಾಮ್ ಕಂಪೈಲೇ ಆಗದು. ಹೆಸರು ಹಿಡಿದು ಕೊಡುವ ಸೊಗಸನ್ನೂ ಪೂರ್ಣವಾಗಿ ಹುಟ್ಟುವ ಭರವಸೆಯನ್ನೂ ಒಂದೆಡೆ ತರಲು ಹದಿನೈದು ವರ್ಷ ಹಿಡಿಯಿತು.

2014ರಲ್ಲಿ ಆಪಲ್ ತಂದ ಸ್ವಿಫ್ಟ್, ಮೊದಲ ದಿನದಿಂದಲೇ ಈ ವಿಷಯದಲ್ಲಿ ಕಟ್ಟುನಿಟ್ಟು. ಯಾವುದೇ ಪ್ರಾಪರ್ಟಿ ಬೆಲೆಯಿಲ್ಲದೆ ಉಳಿಯುವ ಸಾಧ್ಯತೆ ಕಂಡರೆ ಕಂಪೈಲರ್ ಮುಂದಕ್ಕೆ ಹೋಗಲು ಬಿಡದು. ರಸ್ಟ್ ಭಾಷೆಯಲ್ಲಿ ಕನ್‌ಸ್ಟ್ರಕ್ಟರ್ ಎಂಬ ವಿಶೇಷ ವ್ಯವಸ್ಥೆಯೇ ಇಲ್ಲ. ಎಲ್ಲ ಬೆಲೆಗಳೂ ಕೈಯಲ್ಲಿದ್ದರೆ ಮಾತ್ರ ಆಬ್ಜೆಕ್ಟ್ ಅಸ್ತಿತ್ವಕ್ಕೆ ಬರುತ್ತದೆ. 2021ರ ಜಾವಾ 16ರಲ್ಲಿ ನೆಲೆಯಾದ ರೆಕಾರ್ಡ್ ಕೂಡ ಅಷ್ಟೆ: ಎಲ್ಲ ಬೆಲೆ ಕೊಟ್ಟು ಹುಟ್ಟಿಸಿ, ಆಮೇಲೆ ಬದಲಿಲ್ಲ. ಸೆಟರುಗಳ ರೂಢಿಯನ್ನು ಹಬ್ಬಿಸಿದ ಭಾಷೆಯೇ ಇಲ್ಲಿಗೆ ಬಂದು ತಲುಪಿತು.

ಗೊತ್ತಿಲ್ಲದ ಬೆಲೆಯನ್ನು ಏನು ಮಾಡುವುದು?

ಇಷ್ಟೆಲ್ಲ ಓದಿದವರು ಒಂದು ನ್ಯಾಯವಾದ ಪ್ರಶ್ನೆ ಕೇಳಬಹುದು. ಬುಕಿಂಗ್ ಪರದೆಯಲ್ಲಿ ಬಳಕೆದಾರರು ಊರನ್ನು ಈಗ ಆರಿಸುತ್ತಾರೆ, ಆಸನವನ್ನು ಎರಡು ನಿಮಿಷ ಬಿಟ್ಟು ಆರಿಸುತ್ತಾರೆ, ಮಧ್ಯೆ ಕೈಬಿಟ್ಟೂ ಹೋಗಬಹುದು. ಎಲ್ಲ ಬೆಲೆಗಳೂ ಒಟ್ಟಿಗೆ ಸಿಗುವುದೇ ಇಲ್ಲವಲ್ಲ?

ನಿಜ. ಆದರೆ ಅಲ್ಲಿ ಬಳಕೆದಾರರ ಮುಂದಿರುವುದು ಟಿಕೆಟ್ ಅಲ್ಲ. ಅದು ಬುಕಿಂಗ್ ಅರ್ಜಿ. ಅರ್ಜಿಯಲ್ಲಿ ಖಾಲಿ ಜಾಗ ಇರುವುದು ತಪ್ಪಲ್ಲ, ಅದರ ಸ್ವಭಾವವೇ ಹಾಗೆ. ಅರ್ಜಿಯನ್ನು ರದ್ದು ಮಾಡಿದರೆ ಹಣ ವಾಪಸು ಬರುವ ಪ್ರಶ್ನೆಯಿಲ್ಲ. ಅರ್ಜಿ ತೋರಿಸಿ ಬಸ್ ಹತ್ತುವಂತಿಲ್ಲ. ಹಾಗಾಗಿ ಅದಕ್ಕೆ ಬೇರೆಯೇ ಕ್ಲಾಸ್ ಇರಲಿ. ಅರ್ಜಿ ಪೂರ್ತಿಯಾಗಿ, ಹಣ ಸಂದಾಯವಾದ ಗಳಿಗೆಯಲ್ಲಿ, ಅದರ ಬೆಲೆಗಳನ್ನೆಲ್ಲ ಕೊಟ್ಟು ಟಿಕೆಟ್ಟನ್ನು ಹುಟ್ಟಿಸೋಣ. ಅರ್ಜಿಯನ್ನು ಟಿಕೆಟ್ಟಾಗಿಸುವ ಆ ಒಂದು ಸಾಲು ಇಡೀ ಪ್ರೋಗ್ರಾಮಿನ ಹೆಬ್ಬಾಗಿಲು, ಪರೀಕ್ಷೆಗಳೆಲ್ಲ ಅಲ್ಲೇ. ಅದನ್ನು ದಾಟಿ ಬಂದ ಟಿಕೆಟ್ಟನ್ನು ಮುದ್ರಿಸುವವರು, ರದ್ದು ಮಾಡುವವರು, ವರದಿ ಬರೆಯುವವರು ಯಾರೂ ಅನುಮಾನಿಸಬೇಕಾಗಿಲ್ಲ.

ಹೀಗೆ ನೋಡಿದಾಗ ಕನ್‌ಸ್ಟ್ರಕ್ಟರ್ ಬರೆಯುವುದು ಟೈಪಿಂಗ್ ಕೆಲಸವಾಗಿ ಉಳಿಯುವುದಿಲ್ಲ. ಯಾವ ಬೆಲೆಯಿಲ್ಲದೆ ಈ ವಸ್ತು ಆ ವಸ್ತುವೇ ಅಲ್ಲ ಎಂದು ಯೋಚಿಸಲೇಬೇಕಾಗುತ್ತದೆ. ರೋಗಿಯ ಗುರುತಿಲ್ಲದ ಔಷಧಿ ಚೀಟಿ ಇರಬಹುದೇ? ಖಾತೆದಾರರಿಲ್ಲದ ಖಾತೆ? ಮೊತ್ತವಿದ್ದು ಯಾವ ದೇಶದ ಹಣ ಎಂದಿಲ್ಲದ ಬಿಲ್ಲು? ಇರಬಾರದು ಅನ್ನಿಸಿದ್ದನ್ನೆಲ್ಲ ಕನ್‌ಸ್ಟ್ರಕ್ಟರ್ ಕೇಳಲಿ. ಇರಬಹುದು ಎಂದಾದರೆ, ಅದು ನಿಜಕ್ಕೂ ಅದೇ ವಸ್ತುವೋ ಅಥವಾ ಬೇರೆ ಹೆಸರಿಗಾಗಿ ಕಾಯುತ್ತಿರುವ ಇನ್ನೊಂದು ವಸ್ತುವೋ ಎಂದು ಕೇಳಿಕೊಳ್ಳಿ. ಆಬ್ಜೆಕ್ಟಿಗೆ ಹುಟ್ಟುವಾಗ ಏನು ಬೇಕು ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹುಡುಕಿದವರಿಗೆ, ತಮ್ಮ ಪ್ರೋಗ್ರಾಮಿನಲ್ಲಿ ಯಾವ ಯಾವ ಕ್ಲಾಸುಗಳು ಇರಬೇಕು ಎಂಬುದೂ ಅದೇ ದಾರಿಯಲ್ಲಿ ಗೊತ್ತಾಗುತ್ತದೆ.